ಬಿಸಿಲಿಗೆ ತಲೆದೂಗುವ ಗಿಡಗಳು

ಹಲ್ಲಿ ಲೊಚಗುಟ್ಟಿದರೆ ಪಂಚಾಂಗ ತೆಗೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಯಾವ ದಿಕ್ಕಿನಲ್ಲಿ ನುಡಿಯಿತು, ಯಾವ ವಾರ, ಅದಕ್ಕೇನು ಫಲ ಎಂದು ನಮ್ಮ ಸೋದರತ್ತೆ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದರೆ, "ಅದಕ್ಕೆ ನೊಣ ಸಿಕ್ಕಿಲ್ಲ ಅತ್ತೆ, ಬೈಕೋತಿದೆ ಅಷ್ಟೆ" ಎಂದು ಹೇಳಿ ಬೈಸಿಕೊಂಡವಳೂ ನಾನೇ. ಮದುವೆಯಾದ ಮೇಲೆ ಈ ಚಾಳಿ ಇನ್ನೂ ಹೆಚ್ಚಾಯಿತು. ಯಾಕೆಂದರೆ ನನ್ನ ಗಂಡ ಪ್ರಕಾಶ ರಾಹುಕಾಲ ನೋಡುವ ಮನುಷ್ಯ. ನಾವು ಯೋಕೋಹಾಮಾಕ್ಕೆ ಬಂದ ಹೊಸದರಲ್ಲಿ, ರಾಹುಕಾಲವನ್ನು ಇಂಡಿಯಾ ಟೈಮಿಗೆ ನೋಡಬೇಕೋ ಜಪಾನ್ ಟೈಮಿಗೋ ಎಂದು ಅವರು ಎಷ್ಟೋ ದಿನ ತಲೆ ಕೆಡಿಸಿಕೊಂಡಿದ್ದರು. "ರೀ, ರಾಹುಗೂ ವೀಸಾ ಬೇಕಾಗತ್ತೆ, ಅಷ್ಟು ಸುಲಭಕ್ಕೆ ಇಲ್ಲಿಗೆ ಬರಲ್ಲ" ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಇದನ್ನೆಲ್ಲ ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಓದುತ್ತಾ ಹೋದಂತೆ ಇವಳಿಗೆ ತಲೆ ಕೆಟ್ಟಿದೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ, ನನಗೂ ಎಷ್ಟೋ ಸಲ ಅನ್ನಿಸಿದೆ. ಸಂಗತಿ ಇಷ್ಟು: ದೊಡ್ಡ ಭೂಕಂಪವಾದ ವರ್ಷ, ಬೇಸಿಗೆಯ ಒಂದು ಮಧ್ಯಾಹ್ನ, ನಮ್ಮ ಆಫೀಸಿನಲ್ಲಿದ್ದ ನೊಗುಚಿ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ) ಎಂಬ ಹೆಂಗಸು ಸಾಯುವುದರಲ್ಲಿದ್ದವರು ಬದುಕಿಕೊಂಡರು. ಅವರನ್ನು ಉಳಿಸಿದವಳು ನಾನು ಎಂದು ಅಲ್ಲಿ ಎಲ್ಲರೂ ನಂಬಿದ್ದಾರೆ. ಆ ದಿನ ನಾನು ಮಾಡಿದ್ದೇನು ಎಂದು ನನಗೆ ಚೆನ್ನಾಗಿ ಗೊತ್ತು. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಗೊತ್ತಿಲ್ಲದಿರುವುದು ಒಂದೇ, ಅದು ಹೇಗೆ ನಡೆಯಿತು ಎಂಬುದು.

ನನ್ನ ಆಫೀಸು ಕಾವಾಸಾಕಿಯಲ್ಲಿ, ಒಂದು ಕಾರ್ಖಾನೆಯ ಆವರಣದೊಳಗೇ ಇತ್ತು. ಯಂತ್ರಗಳನ್ನು ನಡೆಸುವ ಕಂಟ್ರೋಲ್ ಬೋರ್ಡುಗಳನ್ನು ಪರೀಕ್ಷೆ ಮಾಡುವುದು ನಮ್ಮ ವಿಭಾಗದ ಕೆಲಸ. ಬೆಂಗಳೂರಿನ ಕಂಪನಿಯ ಕಡೆಯಿಂದ ಹೋಗಿದ್ದ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಜಪಾನಿನವರು. ಭೂಕಂಪದ ನಂತರ ಕರೆಂಟಿಗೆ ತತ್ವಾರ ಬಂದು, ಬೇಸಿಗೆಯ ಹೊತ್ತಿಗೆ ಎಲ್ಲ ಕಡೆಯೂ ಉಳಿತಾಯ ಶುರುವಾಗಿತ್ತು. ಸೂರಿನ ಟ್ಯೂಬ್‌ಲೈಟುಗಳಲ್ಲಿ ಅರ್ಧಕ್ಕರ್ಧ ಬಿಚ್ಚಿ ತೆಗೆದಿದ್ದರು. ಏಸಿ ಇದ್ದೂ ಇಲ್ಲದ ಹಾಗೆ. ಒಬ್ಬರೂ ಗೊಣಗಲಿಲ್ಲ, ಬೀಸಣಿಗೆ ಬೀಸಿಕೊಂಡು ಕೆಲಸ ಮಾಡಿದರು. ಗೊಣಗುವ ಕೆಲಸವನ್ನು ಎಲ್ಲರ ಪರವಾಗಿ ನಾನೇ ವಹಿಸಿಕೊಂಡಿದ್ದೆ, ಕನ್ನಡದಲ್ಲಿ.

ಈಗ ಗಿಡಗಳ ವಿಷಯ. ನಮಗೆ ಬಿಡಿಭಾಗ ಪೂರೈಸುವ ಕಂಪನಿಯೊಂದು ಹೊಸವರ್ಷಕ್ಕೆ ಎಲ್ಲರಿಗೂ ಒಂದೊಂದು ಆಟಿಕೆ ಗಿಡ ಕೊಟ್ಟಿತ್ತು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಕುಂಡ, ಅದರಲ್ಲೊಂದು ಹಳದಿ ಹೂವು, ಎರಡು ಹಸಿರು ಎಲೆ. ಕುಂಡದ ಮುಂದೆ ಸಣ್ಣ ಸೋಲಾರ್ ಪಟ್ಟಿ. ಬೆಳಕು ಬಿದ್ದರೆ ಸಾಕು, ಹೂವು ಆ ಕಡೆ ಈ ಕಡೆ ತಲೆದೂಗುತ್ತದೆ, ಎಲೆಗಳು ಮೇಲೆ ಕೆಳಗೆ ಬಡಿದುಕೊಳ್ಳುತ್ತವೆ. ನೀರು ಬೇಡ, ಗೊಬ್ಬರ ಬೇಡ, ಸಾಯುವುದೂ ಇಲ್ಲ. ಜಪಾನಿನಲ್ಲಿ ಇಂಥವು ಬೇಕಾದಷ್ಟು. ನನ್ನದನ್ನು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡಿದ್ದೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದದ್ದು ಇಡೀ ಆಫೀಸಿನಲ್ಲಿ ಅದೊಂದೇ.

ಟ್ಯೂಬ್‌ಲೈಟು ತೆಗೆದ ಮೇಲೆ ಎಲ್ಲರ ಗಿಡಗಳೂ ನಿಂತುಹೋದವು. ಮಬ್ಬಿನಲ್ಲಿ ಕೊರಳು ವಾಲಿಸಿಕೊಂಡು ನಿಂತ ಅವನ್ನು ನೋಡಿದರೆ ಮನಸ್ಸಿಗೆ ಒಂಥರಾ ಆಗುತ್ತಿತ್ತು. ಆಗ ನೊಗುಚಿ ಸಾನ್ ಒಬ್ಬೊಬ್ಬರ ಮೇಜಿನ ಹತ್ತಿರವೂ ಬಂದು, "ಸುಮಿಮಾಸೆನ್, ಕ್ಷಮಿಸಿ, ಇದನ್ನು ಬಿಸಿಲಿಗೆ ಇಡಲೇ?" ಎಂದು ಕೇಳಿ, ಎಲ್ಲವನ್ನೂ ತೆಗೆದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದರು. ಬಿಸಿಲು ತಾಗಿದ್ದೇ ತಡ, ಎಲ್ಲವೂ ಕುಣಿಯತೊಡಗಿದವು. ಆಮೇಲೆ ಅವು ಅಲ್ಲೇ ಉಳಿದವು. ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಿದ್ದವರೂ ಅವರೇ.

ನೊಗುಚಿ ಸಾನ್‌ಗೆ ಅರವತ್ತರ ಹತ್ತಿರ. ಏಜೆನ್ಸಿಯ ಮೂಲಕ ಬಂದವರು, ಕಾಯಂ ನೌಕರಿಯಲ್ಲ. ಜೆರಾಕ್ಸ್ ಮಾಡುವುದು, ಹಳೆಯ ನಕ್ಷೆಗಳನ್ನು ವಿಂಗಡಿಸುವುದು ಇಂಥ ಕೆಲಸ. ಅವರ ಮೇಜು ನನ್ನ ಎದುರಿಗೇ ಇತ್ತು. ತನ್ನಿಂದ ಯಾರಿಗೂ ತೊಂದರೆ ಆಗಬಾರದು ಎಂಬುದನ್ನೇ ವ್ರತದ ಹಾಗೆ ನಡೆಸಿಕೊಂಡು ಬಂದ ಜೀವ. ಸೀನು ಬಂದರೂ ಹೊರಗೆ ಹೋಗಿ ಸೀನಿ ಬಂದು ಕ್ಷಮೆ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಇದ್ದಾರೋ ಇಲ್ಲವೋ ಎಂದು ನಮಗಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಂತೆ ಇರುವುದೇ ಅವರ ಜಾಣ್ಮೆ ಎಂದು ನಾನು ತಿಳಿದುಕೊಂಡಿದ್ದೆ.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ಆ ವರ್ಷ ನೆಲ ಸುಮ್ಮನಿರಲಿಲ್ಲ. ದೊಡ್ಡದು ಹೋದ ಮೇಲೂ ಮರಿ ಭೂಕಂಪಗಳು ಬರುತ್ತಲೇ ಇದ್ದವು. ಕೊನೆಗೆ ನಮ್ಮೆಲ್ಲರಿಗೂ ಎಂಥ ಸ್ಥಿತಿ ಬಂದಿತ್ತೆಂದರೆ, ನೆಲ ಅಲ್ಲಾಡದೆ ಇದ್ದಾಗಲೂ ಅಲ್ಲಾಡಿದ ಹಾಗೆ ಅನ್ನಿಸುವುದು. ಹಡಗಿನಿಂದ ಇಳಿದವರಿಗೆ ಆಗುತ್ತದಲ್ಲ, ಹಾಗೆ. ಅದಕ್ಕೇ ಪ್ರತಿಯೊಬ್ಬರೂ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡಿದ್ದರು. ಅನುಮಾನ ಬಂದರೆ ಮೊದಲು ನೀರು ನೋಡುವುದು. ನೀರು ತುಳುಕಿದರೆ ನಿಜ, ಇಲ್ಲದಿದ್ದರೆ ನಮ್ಮ ತಲೆ. ಈ ಪರೀಕ್ಷೆಗೆ ಗಿಡಗಳು ಮಾತ್ರ ಉಪಯೋಗಕ್ಕೆ ಬರುತ್ತಿರಲಿಲ್ಲ, ಅವು ಯಾವಾಗಲೂ ಆಡುತ್ತಲೇ ಇರುತ್ತಿದ್ದವಲ್ಲ.

ಅದೂ ಒಂದೊಂದು ಒಂದೊಂದು ಥರ. ಒಂದು ಬೇಗ, ಒಂದು ನಿಧಾನ, ಮೊರಿತಾ ಸಾನ್‌ದಂತೂ ಕುಂಟಿಕೊಂಡು. ಮೊರಿತಾ ಸಾನ್ ನಮ್ಮ ವಿಭಾಗದ ಮುಖ್ಯಸ್ಥರು. ಒಂದು ಗಿಡಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ, ಪ್ರತಿಯೊಂದರೊಳಗೂ ಬೇರೆ ಬೇರೆ ಅಯಸ್ಕಾಂತ, ಬೇರೆ ಬೇರೆ ತಂತಿಸುರುಳಿ. ನಮ್ಮೂರಿನ ಮದುವೆ ಮನೆಯಲ್ಲಿ ಹೆಂಗಸರೆಲ್ಲ ಒಟ್ಟಿಗೇ ಮಾತಾಡಿದ ಹಾಗೆ, ಯಾರ ಮಾತೂ ಯಾರಿಗೂ ಸೇರುವುದಿಲ್ಲ.

ಆ ದಿನ ಮಂಗಳವಾರ. ಗಂಟೆ ಮೂರು ದಾಟಿತ್ತು, ಮಧ್ಯಾಹ್ನದ ಊಟದಿಂದ ಹೊಟ್ಟೆ ಇನ್ನೂ ಭಾರವಾಗಿತ್ತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮಬ್ಬು. ಕಣ್ಣು ಎಳೆಯುತ್ತಿದ್ದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿದ್ದೆ ಹೋಗಿರಲಿಲ್ಲ. ಮುಖ ತೊಳೆದುಕೊಂಡು ಬರೋಣ ಎಂದು ತಲೆಯೆತ್ತಿದಾಗ ನನ್ನ ಕಣ್ಣು ಕಿಟಕಿಯ ಕಡೆ ಹೋಯಿತು. ಕಟ್ಟೆಯ ಮೇಲಿನ ಗಿಡಗಳೆಲ್ಲ ಒಂದೇ ಸಲಕ್ಕೆ ಎಡಕ್ಕೆ ವಾಲಿದವು. ಒಂದೇ ಸಲಕ್ಕೆ ಬಲಕ್ಕೆ ಬಂದವು.

ನಾನು ಕಣ್ಣು ಉಜ್ಜಿಕೊಂಡೆ. ಮತ್ತೆ ಹಾಗೇ. ಎರಡು ಸಲ ದೊಡ್ಡದಾಗಿ ತೂಗಿ, ಮೂರನೆಯ ಸಲ ಅರ್ಧಕ್ಕೇ ನಿಂತವು. ಎಲ್ಲವೂ ನಿಂತವು! ಅಷ್ಟು ಬಿಸಿಲಿನಲ್ಲಿ ಅವು ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು ಮತ್ತೆ ಎರಡು ಸಲ ದೊಡ್ಡದಾಗಿ, ಮೂರನೆಯದು ಚಿಕ್ಕದಾಗಿ. ಮತ್ತೆ ನಿಂತವು. ಕುಂಟುವ ಗಿಡವೂ ಕುಂಟುವುದು ಬಿಟ್ಟು ಎಲ್ಲದರ ಜೊತೆ ಸೇರಿಕೊಂಡಿತ್ತು. ಶಾಲೆಯ ಮಕ್ಕಳು ಸಾಲಾಗಿ ನಿಂತು ಕವಾಯತು ಮಾಡುವ ಹಾಗೆ.

ಕಟ್ಟೆಯ ಮೇಲಿರುವುದೆಲ್ಲ ಒಟ್ಟಿಗೆ ಆಡುತ್ತಿದೆ ಅಂದರೆ ಕಟ್ಟೆಯೇ ಆಡುತ್ತಿದೆ. ಕಟ್ಟೆ ಆಡುತ್ತಿದೆ ಅಂದರೆ ಕಟ್ಟಡ. ನನ್ನ ಬುದ್ಧಿ ಓಡಿದ್ದು ಇಷ್ಟೇ. ಆಮೇಲೆ ಬುದ್ಧಿ ಕೆಲಸ ಮಾಡಲಿಲ್ಲ, ಕಾಲು ಮಾಡಿತು.

"ಅಯ್ಯಯ್ಯೋ, ಅಲ್ಲಾಡ್ತಿದೆ! ಓಡ್ರೋ! ಓಡ್ರೋ!" ಎಂದು ಆ ಇಡೀ ಮಹಡಿ ಬೆಚ್ಚಿಬೀಳುವ ಹಾಗೆ ಕೂಗಿದೆ. ಅಚ್ಚ ಕನ್ನಡದಲ್ಲಿ. ಆ ದೇಶದಲ್ಲಿ ಮಗುವಿಗೂ ಗೊತ್ತಿರುವ ನಿಯಮ, ಭೂಕಂಪವಾದರೆ ತಳ್ಳಬಾರದು, ಓಡಬಾರದು, ಮಾತಾಡಬಾರದು. ನಾನು ಮೂರನ್ನೂ ಮಾಡಿದೆ. ಕುರ್ಚಿಗೆ ನೇತುಹಾಕಿದ್ದ ಹೆಲ್ಮೆಟ್ ಬಿಟ್ಟೆ, ಬ್ಯಾಗೂ ಊಟದ ಡಬ್ಬಿಯೂ ಮಾತ್ರ ತಪ್ಪದೆ ಹಿಡಿದುಕೊಂಡೆ. ಬಾಗಿಲಲ್ಲಿ ಅಡ್ಡ ಬಂದ ಹುಡುಗನೊಬ್ಬನನ್ನು ಪಕ್ಕಕ್ಕೆ ನೂಕಿದೆ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಕಳಚಿ ಉರುಳಿತು, ತಿರುಗಿ ನೋಡಲಿಲ್ಲ. ಓಡುವಾಗ ಒಂದು ಕ್ಷಣ ನನ್ನ ಕಣ್ಣಿಗೆ ಯಾರದ್ದೋ ಮೇಜಿನ ನೀರಿನ ಬಾಟಲಿ ಬಿತ್ತು. ನೀರು ಕನ್ನಡಿಯ ಹಾಗೆ ನಿಶ್ಚಲವಾಗಿತ್ತು. ಅದನ್ನು ಕಂಡ ಮೇಲೂ ನಾನು ನಿಲ್ಲಲಿಲ್ಲ. ಇಷ್ಟು ಜನರ ಮುಂದೆ ಕೂಗಿ ಆಗಿದೆ, ಇನ್ನು ನಿಂತರೆ ಅವಮಾನ ಅನ್ನಿಸಿ ಇನ್ನೂ ಜೋರಾಗಿ ಓಡಿದೆನೋ ಏನೋ.

ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಒಂಟಿ ಚಪ್ಪಲಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದಾಗ ನಮ್ಮ ವಿಭಾಗದವರು ಹೆಲ್ಮೆಟ್ ಹಾಕಿಕೊಂಡು, ಸಾಲಾಗಿ, ಸದ್ದಿಲ್ಲದೆ ಹೊರಗೆ ಬಂದರು. ಯಾರ ಫೋನೂ ಎಚ್ಚರಿಕೆ ಕೊಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಯಂತ್ರಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಬೇರೆ ವಿಭಾಗದವರು ಕಿಟಕಿಗಳಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಆದರೆ ಅದು ಆ ದಿನ ಒಂದಿಷ್ಟೂ ಅಲುಗಲಿಲ್ಲ.

ಬೇರೆ ಯಾವ ಊರಿನಲ್ಲಾದರೂ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಜನ ನಕ್ಕು, ಇಬ್ಬರು ಬೈದು, ಮೇಲೆ ಹೋಗುತ್ತಿದ್ದರು. ಇಲ್ಲಿ ಹಾಗಲ್ಲ. ಹೊರಗೆ ಬಂದ ಮೇಲೆ ಹೆಸರು ಕರೆಯಬೇಕು, ಅದು ಪದ್ಧತಿ. ಸುಳ್ಳು ಭೂಕಂಪವಾದರೂ ಪದ್ಧತಿ ನಿಜವಾದದ್ದೇ. ಮೊರಿತಾ ಸಾನ್ ನನ್ನ ಕಾಲಿನ ಕಡೆ ನೋಡದೆ, ಏನೂ ಆಗಿಲ್ಲವೆಂಬಂತೆ, "ಬಂದದ್ದಾಯಿತಲ್ಲ, ಹೆಸರು ಕರೆದುಬಿಡೋಣ" ಎಂದರು. ಒಬ್ಬೊಬ್ಬರೂ "ಹಾಯ್", ಅಂದರೆ ಜಪಾನಿ ಭಾಷೆಯಲ್ಲಿ ಹೌದು, ಎಂದು ಓಗೊಟ್ಟರು. ಕೊನೆಗೆ ನೊಗುಚಿ ಸಾನ್ ಹೆಸರು ಬಂತು. ಯಾರೂ ಓಗೊಡಲಿಲ್ಲ.

ಮತ್ತೊಮ್ಮೆ ಕರೆದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೆಳಿಗ್ಗೆ ಹಳೆಯ ನಕ್ಷೆಗಳ ಕೋಣೆಗೆ ಹೋದದ್ದನ್ನು ನೋಡಿದ್ದೆ ಎಂದು ಒಬ್ಬರು ನೆನಪಿಸಿಕೊಂಡರು. ಆ ಕೋಣೆ ಕಟ್ಟಡದಲ್ಲಿರಲಿಲ್ಲ. ಪಾರ್ಕಿಂಗ್ ದಾಟಿ, ಗೋದಾಮಿನ ಹಿಂದೆ, ತಗಡಿನ ಶೆಡ್ಡು. ಕರೆಂಟು ಉಳಿಸಲೆಂದು ಅಲ್ಲಿನ ಏಸಿಯನ್ನು ಪೂರ್ತಿ ನಿಲ್ಲಿಸಿದ್ದರು. ಮೊರಿತಾ ಸಾನ್ ಆ ಕಡೆ ಓಡಿದರು. ಓಡಬಾರದು ಎಂಬ ನಿಯಮವನ್ನು ಅವರೂ ಮರೆತದ್ದನ್ನು ಆಗ ನೋಡಿದೆ.

ನೊಗುಚಿ ಸಾನ್ ಎರಡು ಕಬ್ಬಿಣದ ಕಪಾಟುಗಳ ನಡುವೆ ಬಿದ್ದಿದ್ದರು. ಮುಖ ಕೆಂಡದ ಹಾಗೆ ಕೆಂಪಾಗಿತ್ತು, ಬೆವರು ಕೂಡ ಒಣಗಿಹೋಗಿತ್ತು. ಕರೆದರೆ ಉತ್ತರವಿಲ್ಲ. ಹೀಟ್ ಸ್ಟ್ರೋಕ್, ತಗಡಿನ ಕಾವಿನ ಹೊಡೆತ. ಆಂಬುಲೆನ್ಸ್ ಬಂತು, ಐಸ್ ಚೀಲಗಳು ಬಂದವು, ಅವರನ್ನು ಕರೆದೊಯ್ದರು. ಇನ್ನೊಂದು ಸ್ವಲ್ಪ ಹೊತ್ತು ಯಾರೂ ನೋಡದಿದ್ದರೆ ಕೈಮೀರಿ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಸಂಜೆ ಆ ಸುದ್ದಿ ತಂದ ಮೊರಿತಾ ಸಾನ್ ನನ್ನ ಮೇಜಿನ ಮುಂದೆ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅವರ ಕೈಯಲ್ಲಿ ನನ್ನ ಚಪ್ಪಲಿ ಇತ್ತು.

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಪಾಡು. ನಾನು ಅವರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. "ಮೊರಿತಾ ಸಾನ್, ನೊಗುಚಿ ಸಾನ್ ಅಲ್ಲಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಗಿಡಗಳನ್ನು ನೋಡಿ ಹೆದರಿಕೊಂಡೆ, ಓಡಿದೆ, ಅಷ್ಟೇ." ಅವರು ತಲೆದೂಗಿ, "ಎಷ್ಟು ವಿನಯ ನಿಮ್ಮದು" ಎಂದರು. ನೋಡಿ, ಆ ದೇಶದಲ್ಲಿ ಹೊಗಳಿದರೆ 'ಇಲ್ಲ ಇಲ್ಲ' ಅನ್ನುವುದು ಮರ್ಯಾದೆ. ನಿಜವಾಗಿಯೂ ಏನೂ ಮಾಡದವಳು 'ಇಲ್ಲ' ಅಂದರೂ ಅದು ಮರ್ಯಾದೆಯ 'ಇಲ್ಲ'ವೇ ಆಗಿಬಿಡುತ್ತದೆ. ನಾನು ಒಂದು ಪಟ್ಟು ಅಲ್ಲಗಳೆದರೆ ಅವರು ನಾಲ್ಕು ಪಟ್ಟು ಹೊಗಳುವರು. ಕೊನೆಗೆ ಬೆಳಗಿನ ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಒಂದು ಪ್ರಶಸ್ತಿ ಫಲಕವನ್ನೂ ಕೊಟ್ಟರು. ಭಾರತದ ಇಂಜಿನಿಯರಿಗೆ ಅಪಾಯವನ್ನು ಮೊದಲೇ ಅರಿಯುವ ಶಕ್ತಿ ಇದೆ ಎಂದು ಡೈರೆಕ್ಟರು ಭಾಷಣ ಮಾಡಿದರು. ನಾನು ನೂಕಿದ್ದ ಹುಡುಗನೂ ಚಪ್ಪಾಳೆ ತಟ್ಟಿದ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಮೇಲೆ ನಾನು ಆಫೀಸಿನಲ್ಲಿ ಆಕಳಿಸುವಂತೆಯೂ ಇರಲಿಲ್ಲ. ಸೂರಿನ ಕಡೆ ನೋಡಿದರೆ ಸಾಕು, ಅಕ್ಕಪಕ್ಕದವರ ಕೈ ಹೆಲ್ಮೆಟ್ಟಿಗೆ ಹೋಗುತ್ತಿತ್ತು.

ಮನೆಯಲ್ಲಿ ಪ್ರಕಾಶನಿಗೆ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಫೋನಿನಲ್ಲಿ ಏನೋ ನೋಡಿ ಕಣ್ಣರಳಿಸಿದರು. "ಏನೇ, ಅವತ್ತು ಮಂಗಳವಾರ ಅಲ್ವಾ? ಮೂರರಿಂದ ರಾಹುಕಾಲ ಕಣೇ!"

"ರಾಹುಕಾಲದಲ್ಲಿ ಒಬ್ರು ಬದುಕಿದ್ರಲ್ಲ ರೀ, ಅದಕ್ಕೇನಂತೀರಿ?"

ಅವರು ತಲೆ ಕೆರೆದುಕೊಂಡರು. ಫಲಕವನ್ನು ಮಾತ್ರ ಹಾಲಿನಲ್ಲಿ ಮೊಳೆ ಹೊಡೆದು ನೇತುಹಾಕಿದರು. ನಾನು ಮಾರನೆಯ ದಿನವೇ ತೆಗೆದು ಬಟ್ಟೆಯ ಬೀರುವಿನೊಳಗೆ ತುರುಕಿದೆ. ನಮ್ಮ ದೇಶದವರು ಹೆಚ್ಚಾಗಿರುವ ನಿಶಿ ಕಸಾಯಿ ಬಡಾವಣೆಯಲ್ಲಿ ಕನ್ನಡದವರೆಲ್ಲ ಒಂದು ಭಾನುವಾರ ಬಿಸಿಬೇಳೆಬಾತಿಗೆ ಸೇರಿದಾಗ ಪ್ರಕಾಶ ಸುಮ್ಮನಿರದೆ ಕಥೆ ಬಿಚ್ಚಿದರು. "ಓಹೋ, ಬುಡುಬುಡಿಕೆಯಮ್ಮ ಬಂದ್ರು, ದಾರಿ ಬಿಡ್ರಪ್ಪಾ! ನಮ್ ಪ್ರಮೋಷನ್ ಯಾವಾಗ ಅಂತ ಸ್ವಲ್ಪ ಗಿಡಾನ ಕೇಳಿ ಮೇಡಂ" ಎಂದು ಒಬ್ಬ ಶುರುಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಷ್ಟು ವರ್ಷ ನಾನು ಬೇರೆಯವರಿಗೆ ಮಾಡಿದ್ದನ್ನೇ ಅವನು ನನಗೆ ಮಾಡುತ್ತಿದ್ದ. ಕೈಯಲ್ಲಿದ್ದ ಹಪ್ಪಳವನ್ನು ತಟ್ಟೆಯಲ್ಲೇ ಬಿಟ್ಟೆ.

ಇಂಜಿನಿಯರ್ ಅನ್ನಿಸಿಕೊಂಡವಳು ಸುಮ್ಮನೆ ಕೂರಲಾಗುತ್ತದೆಯೇ? ಒಂದೇ ಹಲಗೆಯ ಮೇಲಿಟ್ಟ ಲೋಲಕಗಳು ನಿಧಾನವಾಗಿ ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೆ ತೂಗುವುದುಂಟು ಎಂದು ನಾನೂ ಓದಿದ್ದೆ. ಊಟದ ಬಿಡುವಿನಲ್ಲಿ ಗಿಡಗಳನ್ನು ಹತ್ತಿರ ಹತ್ತಿರ ಇಟ್ಟು ನೋಡಿದೆ, ದೂರ ಇಟ್ಟು ನೋಡಿದೆ. ತೆಳು ಹಲಗೆ ತಂದು ಅದರ ಮೇಲಿಟ್ಟೆ. ಎಲ್ಲವನ್ನೂ ಬಟ್ಟೆಯಿಂದ ಮುಚ್ಚಿ ಒಟ್ಟಿಗೇ ಬಿಸಿಲಿಗೆ ತೆರೆದೆ. ಅವು ಎಂದಿನಂತೆ ತಮತಮಗೆ ತೋಚಿದ ಹಾಗೆ ಕುಣಿದವು. ಬಿಸಿಲಿದ್ದಷ್ಟು ಹೊತ್ತು ಒಂದೂ ನಿಲ್ಲಲಿಲ್ಲ. ನನ್ನ ಕಣ್ಣಿನದ್ದೇ ಭ್ರಮೆ, ಭೂಕಂಪದ ವರ್ಷದ ತಲೆಸುತ್ತು, ಮೇಲೆ ಹೊಟ್ಟೆ ತುಂಬ ಮೊಸರನ್ನ ಎಂದು ಷರಾ ಬರೆದುಕೊಂಡು ಸಮಾಧಾನ ಮಾಡಿಕೊಳ್ಳುವುದು ಕಷ್ಟವೇನಿರಲಿಲ್ಲ. ಹೆಚ್ಚೂ ಕಡಿಮೆ ಮಾಡಿಕೊಂಡೂ ಇದ್ದೆ.

ಉಳಿದದ್ದು ಒಂದೇ ಕೆಲಸ. ನೊಗುಚಿ ಸಾನ್‌ಗೆ ನಿಜ ಹೇಳಬೇಕು. ಬೇರೆಯವರು ಏನಾದರೂ ಅಂದುಕೊಳ್ಳಲಿ, ಆ ಹೆಂಗಸು ನನ್ನ ಋಣದಲ್ಲಿದ್ದೇನೆ ಎಂದುಕೊಂಡು ಬದುಕುವುದು ನನಗೆ ಸಹಿಸಲಾಗಲಿಲ್ಲ. ಅವರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದ ಮೇಲೆ ಚಕ್ಕುಲಿ ಮಾಡಿಕೊಂಡು ಹೊರಟೆ. ಏನು ಹೇಳಬೇಕೆಂಬುದನ್ನು ರೈಲಿನಲ್ಲಿ ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡಿದೆ. ನಾನು ನಿಮಗಾಗಿ ಕೂಗಲಿಲ್ಲ, ನನ್ನ ಜೀವ ಉಳಿಸಿಕೊಳ್ಳಲು ಓಡಿದೆ. ಇಷ್ಟೇ ಮಾತು. ಇದರಲ್ಲಿ ವಿನಯಕ್ಕೆ ಜಾಗವೇ ಇಲ್ಲ ಎಂದು ನನಗೆ ಖಾತ್ರಿಯಿತ್ತು.

ಬಾಗಿಲು ತೆರೆದವರು ಅವರ ಅಕ್ಕ, ಎಪ್ಪತ್ತು ದಾಟಿದವರು. ನಾನು ಯಾರೆಂದು ತಿಳಿದದ್ದೇ ತಡ, ಮಂಡಿಯೂರಿ ಕುಳಿತು, ಹಣೆ ಚಾಪೆಗೆ ತಾಗುವಷ್ಟು ಬಗ್ಗಿದರು. "ನನ್ನ ತಂಗಿಯನ್ನು ಉಳಿಸಿಕೊಟ್ಟಿರಿ" ಎಂದರು. ನಮ್ಮಲ್ಲಿ ಅಷ್ಟು ಹಿರಿಯರು ಕಿರಿಯರಿಗೆ ಬಗ್ಗುವುದುಂಟೇ? ಪಾಪ ಕಟ್ಟಿಕೊಳ್ಳಬೇಕಾದೀತು ಎಂದು ನಾನೂ ದಡಬಡಿಸಿ ಕೂತು ಬಗ್ಗಿದೆ. ಅವರು ಇನ್ನೂ ಬಗ್ಗಿದರು. ನಾನು ಇನ್ನೂ. ಕೊನೆಗೆ ದಾರಿ ತೋಚದೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿಬಿಡೋಣ ಎಂದುಕೊಂಡೆ. ಕಾಲು ಮಡಚಿ ಹಿಂದಕ್ಕೆ ಹಾಕಿ ಕೂತಿದ್ದರಿಂದ ಮುಂದೆ ಸಿಗಲಿಲ್ಲ. ಮೊಣಕಾಲ ಮೇಲೇ ತೆವಳಿಕೊಂಡು ಸುತ್ತುಹಾಕಿ ಹಿಂದಿನಿಂದ ಮುಟ್ಟಿದೆ. ಪಾಪ, ಅವರು ಚೇಳು ಕುಟುಕಿದವರ ಹಾಗೆ ಹಾರಿಬಿದ್ದರು. ಆಮೇಲೆ ನಾನು ಮಾಡಿದ್ದೇನೆಂದು ಯೋಚಿಸಿ, ಇಂಥ ವಿನಯವನ್ನು ಜನ್ಮದಲ್ಲಿ ಕಂಡಿಲ್ಲವೆಂದು ಕಣ್ಣೊರೆಸಿಕೊಂಡರು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು.

ಅಕ್ಕ ಚಹಾ ತರಲು ಒಳಗೆ ಹೋದ ಮೇಲೆ ನೊಗುಚಿ ಸಾನ್ ಮತ್ತು ನಾನು ಇಬ್ಬರೇ ಉಳಿದೆವು. ಅವರು ಇನ್ನೂ ಸೊರಗಿದ್ದರು. ನಾನು ಬಾಯಿ ತೆರೆಯುವ ಮೊದಲು ಅವರೇ, "ಸುಮಿಮಾಸೆನ್, ನಿಮ್ಮನ್ನು ಒಂದು ವಿಷಯ ಕೇಳಬೇಕೆಂದಿದ್ದೆ" ಎಂದರು.

ಆ ಶೆಡ್ಡಿನಲ್ಲಿ ಅವರಿಗೆ ತಲೆ ತಿರುಗಿ ಬಿದ್ದಾಗ ಪ್ರಜ್ಞೆ ಇತ್ತಂತೆ. ಕಾಲು ಮಾತ್ರ ಮಾತು ಕೇಳಲಿಲ್ಲ. ಕೂಗೋಣವೆಂದರೆ ಗಂಟಲು ಒಣಗಿ ಸ್ವರವೇ ಹೊರಡಲಿಲ್ಲ. ಮೊದಮೊದಲು, ಕೆಲಸದ ಹೊತ್ತಿನಲ್ಲಿ ಎಲ್ಲರಿಗೂ ತೊಂದರೆ ಕೊಡುವುದು ಹೇಗೆ ಎಂದು ನಾಚಿಕೆಯಾಗಿ ಸುಮ್ಮನಿದ್ದರಂತೆ. ಆಮೇಲೆ ಹೆದರಿಕೆಯಾಯಿತು. ಕೈಗೆ ಸಿಕ್ಕಿದ ಕಬ್ಬಿಣದ ಕಪಾಟನ್ನು ಬಡಿಯಲು ಶುರುಮಾಡಿದರು.

"ಹೀಗೆ" ಎಂದು ಅವರು ಮುಷ್ಟಿಯಿಂದ ಮುಂದಿದ್ದ ಮೇಜನ್ನು ಬಡಿದು ತೋರಿಸಿದರು. ಎರಡು ಸಲ ಜೋರಾಗಿ. ಮೂರನೆಯ ಸಲಕ್ಕೆ ಕೈ ಸೋತು ಹಗುರವಾಗಿ ಬಿತ್ತು. "ಮೂರು ಸಲ ಬಡಿದು, ಯಾರಾದರೂ ಬರುತ್ತಾರಾ ಅಂತ ಸ್ವಲ್ಪ ಹೊತ್ತು ಕಿವಿಗೊಡುತ್ತಿದ್ದೆ. ಮತ್ತೆ ಮೂರು ಸಲ." ಅವರು ಮತ್ತೆ ತೋರಿಸಿದರು. ಎರಡು ದೊಡ್ಡದು, ಒಂದು ಚಿಕ್ಕದು. ನಡುವಿನ ಬಿಡುವೂ ಅಷ್ಟೇ.

ಕಿಟಕಿಯ ಕಟ್ಟೆಯ ಮೇಲೆ ಗಿಡಗಳು ತೂಗಿದ್ದೂ ಹೀಗೇ. ಆ ಶೆಡ್ಡಿಗೂ ನಮ್ಮ ಮಹಡಿಗೂ ನಡುವೆ ಇಡೀ ಪಾರ್ಕಿಂಗ್ ಜಾಗವಿದೆ, ಗೋದಾಮಿದೆ. ಅಲ್ಲಿ ಕಾರ್ಖಾನೆಯ ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಒಬ್ಬ ಹೆಂಗಸಿನ ಸೋತ ಕೈ ಕಪಾಟಿಗೆ ಬಡಿದದ್ದು ಅಷ್ಟು ದೂರ ಬಂದು ಒಂದು ಕಟ್ಟೆಯ ಮೇಲಿನ ಪ್ಲಾಸ್ಟಿಕ್ ಗಿಡಗಳನ್ನು ಮಾತ್ರ ಆಡಿಸಿತು, ಬಾಟಲಿಯ ನೀರನ್ನು ಅಲುಗಿಸಲಿಲ್ಲ ಅಂದರೆ ಯಾವ ಶಾಸ್ತ್ರ ಒಪ್ಪುತ್ತದೆ?

ನೊಗುಚಿ ಸಾನ್ ನನ್ನ ಮುಖವನ್ನೇ ನೋಡುತ್ತಿದ್ದರು. "ಎಚ್ಚರವಾದ ಮೇಲೆ ಎಲ್ಲರನ್ನೂ ವಿಚಾರಿಸಿದೆ. ಮೊರಿತಾ ಸಾನ್‌ಗೆ ಕೇಳಿಸಲಿಲ್ಲವಂತೆ. ಪಕ್ಕದ ಗೋದಾಮಿನವರಿಗೂ ಕೇಳಿಸಲಿಲ್ಲವಂತೆ. ಅಷ್ಟು ಹೊತ್ತು ಬಡಿದದ್ದು ಒಬ್ಬರಿಗೂ ಕೇಳಿಸಲಿಲ್ಲ ಅಂದರೆ... ಬದುಕಿದ್ದೇನೆ, ಸಂತೋಷ. ಆದರೆ ಮಲಗಿದರೆ ಅದೇ ನೆನಪಾಗುತ್ತದೆ, ನಿದ್ದೆ ಬರುವುದಿಲ್ಲ." ಆಮೇಲೆ ಕೇಳಿದರು: "ನಿಮಗೆ ಕೇಳಿಸಿತಲ್ಲವೇ? ಅದಕ್ಕೇ ಅಲ್ಲವೇ ನೀವು ಕೂಗಿದ್ದು?"

ನಾನು ಬಂದದ್ದು ನಿಜ ಹೇಳುವುದಕ್ಕೆ. ಇಲ್ಲ ಎಂಬ ಒಂದು ಶಬ್ದ, ಅದನ್ನು ಹೇಳಿದರೆ ಮುಗಿಯಿತು. ಮೊದಲ ಸಲ ಅದನ್ನು ವಿನಯವೆಂದು ತಿಳಿಯದೆ ಇದ್ದ ಹಾಗೇ ನಂಬುವ ಮನುಷ್ಯರೊಬ್ಬರು ನನ್ನ ಎದುರಿಗೆ ಕೂತಿದ್ದರು. ಅವರ ಕೈ ಇನ್ನೂ ಮೇಜಿನ ಮೇಲೇ ಇತ್ತು.

"ಹೌದು, ಕೇಳಿಸಿತು" ಎಂದೆ.

ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಚಹಾ ತಂದ ಅಕ್ಕನಿಗೆ ಮೆಲ್ಲಗೆ, "ಕೇಳಿಸಿತಂತೆ, ಅಕ್ಕಾ" ಎಂದರು. ಆಮೇಲೆ ಚಕ್ಕುಲಿ ತಿಂದರು, ಖಾರವೆಂದು ಕಣ್ಣಲ್ಲಿ ನೀರು ಹಾಕಿಕೊಂಡು ನಕ್ಕರು. ವಾಪಸು ಕೊಟ್ಟುಬರಲು ಹೋದ ಹೊಗಳಿಕೆಯನ್ನು ಇನ್ನಷ್ಟು ಹೊತ್ತುಕೊಂಡು ನಾನು ಮನೆಗೆ ಬಂದೆ.

ವರ್ಷಗಳು ಕಳೆದಿವೆ, ನಾವು ಈಗ ಬೆಂಗಳೂರಿನಲ್ಲಿದ್ದೇವೆ. ಆ ಗಿಡಗಳಿಗೆ ಏನಾಗಿತ್ತೆಂದು ನನಗೆ ಇನ್ನೂ ತಿಳಿದಿಲ್ಲ, ತಿಳಿಯುತ್ತದೆಂಬ ಆಸೆಯೂ ಇಲ್ಲ. ಆದರೆ ಆ ದಿನ ಬೆಳಗಿನಿಂದ ನನ್ನ ಎದುರಿನ ಕುರ್ಚಿ ಖಾಲಿಯಿತ್ತು. ಅವರು ಊಟಕ್ಕೂ ಬಂದಿರಲಿಲ್ಲ. ನಾನು ಡಬ್ಬಿ ಬಿಚ್ಚಿ, ಆ ಖಾಲಿ ಕುರ್ಚಿಯ ಕಡೆಗೇ ಮುಖ ಮಾಡಿಕೊಂಡು ಊಟ ಮಾಡಿ ಮುಗಿಸಿದ್ದೆ. ಕೇಳಿಸಿತು ಎಂದು ಅವರಿಗೆ ಹೇಳಿದ್ದು ಸುಳ್ಳೋ ನಿಜವೋ ನಾನರಿಯೆ. ಕುರ್ಚಿ ಖಾಲಿಯಿದ್ದದ್ದು ಕಂಡಿತ್ತು, ಎಲ್ಲಿಗೆ ಹೋದರೆಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ.